ಹೃದಯ ಕವಾಟದ ಕಾಯಿಲೆ ಕುರಿತ ಸಹಯೋಗದ ಸಂಶೋಧನೆ: ಸಾರ್ವಜನಿಕರಿಗೆ ಮಾಹಿತಿ

ಹಿನ್ನೆಲೆ

ಹೃದಯ ಕವಾಟದ ತೊಂದರೆಗಾಗಿ ಸರ್ಕಾರದ ಆರೋಗ್ಯ ಯೋಜನೆಗಳ ಅಡಿಯಲ್ಲಿ ಚಿಕಿತ್ಸೆ ಕೋರಿ ಬರುವ ರೋಗಿಗಳಲ್ಲಿ ಕೆಲವರಿಗೆ ಚಿಕಿತ್ಸೆಯ ಕಾಗದಗಳ ಜೊತೆಯಲ್ಲಿ ಮತ್ತೊಂದು ಪತ್ರವನ್ನೂ ಓದಲು ಕೊಡಲಾಗುತ್ತದೆ. ಸಂಶೋಧನೆಯಲ್ಲಿ ಭಾಗವಹಿಸಲು ಒಪ್ಪಿಗೆಯಿದೆಯೇ ಎಂದು ಕೇಳುವ ಪತ್ರ ಅದು. ಸಹಿ ಹಾಕದಿದ್ದರೆ ಶಸ್ತ್ರಚಿಕಿತ್ಸೆ ನಿಂತುಹೋದೀತೆಂಬ ಭಯದಿಂದ ಓದದೆಯೇ ಸಹಿ ಹಾಕುವವರುಂಟು. ತಮ್ಮ ಮೇಲೆ ಪ್ರಯೋಗ ನಡೆಸುತ್ತಾರೆಂದು ಹೆದರಿ ಪತ್ರವನ್ನು ಹಿಂದಿರುಗಿಸುವವರೂ ಉಂಟು. ಎರಡೂ ತಪ್ಪು ತಿಳುವಳಿಕೆಯಿಂದ ಆಗುವಂಥವು. ಇಂತಹ ಸಂಶೋಧನೆ ಏಕೆ ನಡೆಯುತ್ತದೆ, ಅದರಿಂದ ಈವರೆಗೆ ಏನು ತಿಳಿದುಬಂದಿದೆ, ಭಾಗವಹಿಸುವ ರೋಗಿಗೆ ಇರುವ ಹಕ್ಕುಗಳೇನು ಎಂಬುದನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ಕಾಯಿಲೆಯ ಸ್ವರೂಪ

ಹೃದಯದಲ್ಲಿ ನಾಲ್ಕು ಕವಾಟಗಳಿವೆ. ರಕ್ತವು ಒಂದೇ ದಿಕ್ಕಿನಲ್ಲಿ ಹರಿಯುವಂತೆ ನೋಡಿಕೊಳ್ಳುವುದು ಅವುಗಳ ಕೆಲಸ. ದಿನವೊಂದಕ್ಕೆ ಸುಮಾರು 1 ಲಕ್ಷ ಬಾರಿ ಅವು ತೆರೆದು ಮುಚ್ಚುತ್ತವೆ. ಕವಾಟವು ಕಿರಿದಾದರೆ ರಕ್ತ ಮುಂದೆ ಹೋಗಲು ತಡೆಯಾಗುತ್ತದೆ. ಸರಿಯಾಗಿ ಮುಚ್ಚದಿದ್ದರೆ ಹಿಂದಕ್ಕೆ ಸೋರುತ್ತದೆ. ವಯಸ್ಸಾದವರಲ್ಲಿ ಮಹಾಪಧಮನಿಯ ಕವಾಟಕ್ಕೆ ಸುಣ್ಣದಂಶ ಕಟ್ಟಿ ಅದು ಗಡುಸಾಗುವುದುಂಟು. ಕೆಲವರಿಗೆ ಹುಟ್ಟಿನಿಂದಲೇ ದೋಷವಿರುತ್ತದೆ. ಆದರೆ ನಮ್ಮ ದೇಶದಲ್ಲಿ ಎಳೆಯ ವಯಸ್ಸಿನವರ ಕವಾಟ ಕೆಡಲು ಬಹುಮುಖ್ಯ ಕಾರಣ ರುಮ್ಯಾಟಿಕ್ ಜ್ವರ.

ಈ ಜ್ವರದ ಮೂಲ ಒಂದು ಸಾಧಾರಣ ಗಂಟಲು ನೋವು. 5 ರಿಂದ 15 ವರ್ಷದ ಮಕ್ಕಳಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದಾಗ, ಅದರ ವಿರುದ್ಧ ಹೋರಾಡಲು ದೇಹವು ಸಿದ್ಧಪಡಿಸಿದ ರಕ್ಷಣಾ ಶಕ್ತಿಯು ಕೆಲವು ಮಕ್ಕಳಲ್ಲಿ ಅವರದೇ ಕೀಲುಗಳ ಮೇಲೂ ಹೃದಯದ ಮೇಲೂ ತಿರುಗಿಬೀಳುತ್ತದೆ. ಎರಡು ಮೂರು ವಾರಗಳ ನಂತರ ಜ್ವರ ಬಂದು ಮೊಣಕಾಲು, ಹಿಮ್ಮಡಿಯ ಕೀಲುಗಳು ಊದಿಕೊಳ್ಳುತ್ತವೆ. ಕೀಲು ನೋವು ಗುಣವಾಗುತ್ತದೆ. ಕವಾಟದ ಮೇಲಿನ ಗಾಯ ಮಾತ್ರ ಉಳಿಯುತ್ತದೆ, ಮತ್ತೆ ಮತ್ತೆ ಗಂಟಲು ಸೋಂಕು ತಗುಲಿದಂತೆಲ್ಲಾ ಹೆಚ್ಚುತ್ತದೆ. ಎಷ್ಟೋ ವರ್ಷಗಳ ನಂತರ, ನೀರಿನ ಕೊಡ ಹೊರುವಾಗ ಏದುಸಿರು ಬರುವುದು, ರಾತ್ರಿ ಮಲಗಿದಲ್ಲಿ ಉಸಿರು ಕಟ್ಟಿ ಎದ್ದು ಕೂರುವುದು ಇವುಗಳಿಂದ ಕಾಯಿಲೆ ಹೊರಬೀಳುತ್ತದೆ. ಅನೇಕ ಹೆಣ್ಣುಮಕ್ಕಳಲ್ಲಿ ಅದು ಮೊದಲು ತಿಳಿಯುವುದು ಬಸಿರಿನ ಕಾಲದಲ್ಲಿ, ಹೃದಯದ ಮೇಲೆ ಹೊರೆ ಹೆಚ್ಚಿದಾಗ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5.5 ಕೋಟಿ ಜನರಿಗೆ ರುಮ್ಯಾಟಿಕ್ ಹೃದ್ರೋಗವಿದ್ದು, ವರ್ಷಕ್ಕೆ ಸುಮಾರು 3.6 ಲಕ್ಷ ಮಂದಿ ಇದರಿಂದ ಮರಣ ಹೊಂದುತ್ತಾರೆ. ಇಕ್ಕಟ್ಟಾದ ಮನೆ, ಹಲವರು ಒಂದೇ ಕೋಣೆಯಲ್ಲಿ ಮಲಗುವ ಪರಿಸ್ಥಿತಿ, ಗಂಟಲು ನೋವಿಗೆ ವೈದ್ಯರನ್ನು ಕಾಣದಿರುವುದು ಇವೇ ಈ ಕಾಯಿಲೆಯ ನೆಲೆ.

ಹಲವು ಆಸ್ಪತ್ರೆಗಳು ಕೂಡುವ ಅಗತ್ಯ

ಒಂದು ಅಂಗಡಿಯ ಕಿರ್ದಿ ಪುಸ್ತಕ ನೋಡಿ ಇಡೀ ಪೇಟೆಯ ಧಾರಣೆ ಹೇಳಲಾಗದು. ಒಂದು ಆಸ್ಪತ್ರೆಯ ರೋಗಿಗಳ ಲೆಕ್ಕದಿಂದ ಒಂದು ಔಷಧದ ಗುಣದೋಷವನ್ನು ನಿರ್ಧರಿಸುವುದೂ ಹಾಗೆಯೇ. ನೂರು ರೋಗಿಗಳಲ್ಲಿ ನಾಲ್ಕೈದು ಮಂದಿಗೆ ಮಾತ್ರ ವ್ಯತ್ಯಾಸವಾಗುವ ಸಂಗತಿಯು ಸಾವಿರಾರು ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದಾಗಲಷ್ಟೇ ಗೋಚರಿಸುತ್ತದೆ. ಜೊತೆಗೆ, ಈ ರೋಗಿಗಳಲ್ಲಿ ಬಹುಪಾಲು ಜನ ದೂರದ ಊರುಗಳವರು. ಮದುವೆಯಾಗಿ, ಕೂಲಿಗಾಗಿ ಬೇರೆ ಜಿಲ್ಲೆಗೆ ಹೋದವರು ಮೊದಲಿನ ಆಸ್ಪತ್ರೆಯ ದಾಖಲೆಯಿಂದ ಮಾಯವಾಗುತ್ತಾರೆ.

ಇನ್ನೊಂದು ಕಾರಣವೂ ಇದೆ; ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಅಮೆರಿಕ, ಯುರೋಪ್‌ಗಳಲ್ಲಿ ವಸತಿ ಸುಧಾರಿಸಿ ಪೆನಿಸಿಲಿನ್ ಬಳಕೆಗೆ ಬಂದ ಮೇಲೆ, 20ನೇ ಶತಮಾನದ ಉತ್ತರಾರ್ಧದಲ್ಲಿ ಈ ಕಾಯಿಲೆ ಬಹುಮಟ್ಟಿಗೆ ಮರೆಯಾಯಿತು. ಕಾಯಿಲೆ ಬಡವರ ಪಾಲಿಗೆ ಉಳಿದಾಗ ಸಂಶೋಧನೆಗೆ ಹಣ ಹೂಡುವವರೂ ಕಡಿಮೆಯಾದರು. ಹಾಗಾಗಿ ಕಾಯಿಲೆಯಿರುವ ದೇಶಗಳ ವೈದ್ಯರೇ ಕೈಜೋಡಿಸಬೇಕಾಯಿತು. 2018ರಲ್ಲಿ ವಿಶ್ವ ಆರೋಗ್ಯ ಸಭೆಯು ರುಮ್ಯಾಟಿಕ್ ಜ್ವರ ಮತ್ತು ಹೃದ್ರೋಗದ ಬಗ್ಗೆ ನಿರ್ಣಯ ಅಂಗೀಕರಿಸಿದ ಮೇಲೆ ಈ ಕೆಲಸಕ್ಕೆ ಸ್ವಲ್ಪ ಬಲ ಬಂದಿದೆ.

ಭಾರತದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2000ದಿಂದ ಜೈ ವಿಜ್ಞಾನ ಯೋಜನೆಯಡಿ ಹಲವು ಕೇಂದ್ರಗಳಲ್ಲಿ ಶಾಲಾ ಮಕ್ಕಳ ಸಮೀಕ್ಷೆಯನ್ನೂ ರೋಗಿಗಳ ನೋಂದಣಿಯನ್ನೂ ಕೈಗೊಂಡಿತ್ತು. ನೋಂದಣಿ ಎಂದರೆ ಹೆಸರು ಬರೆದುಕೊಳ್ಳುವುದಷ್ಟೇ ಅಲ್ಲ; ಚುಚ್ಚುಮದ್ದಿನ ದಿನ ಬಾರದಿದ್ದವರನ್ನು ಹುಡುಕಿ ಕರೆತರುವ ವ್ಯವಸ್ಥೆ.

ಸಂಶೋಧನೆಯಿಂದ ತಿಳಿದುಬಂದ ಸಂಗತಿಗಳು

ಮೊದಲನೆಯದು, ಕಾಯಿಲೆ ಎಷ್ಟಿದೆಯೆಂಬ ಲೆಕ್ಕವೇ ತಪ್ಪಾಗಿತ್ತು. ಹಿಂದೆ ಶಾಲಾ ತಪಾಸಣೆಯಲ್ಲಿ ಸ್ಟೆತಾಸ್ಕೋಪ್ ಇಟ್ಟು ಕೇಳಿ ಕಾಯಿಲೆಯನ್ನು ಗುರುತಿಸಲಾಗುತ್ತಿತ್ತು. ಕಾಂಬೋಡಿಯಾ ಮತ್ತು ಮೊಜಾಂಬಿಕ್ ದೇಶಗಳ ಶಾಲೆಗಳಲ್ಲಿ ಜಂಟಿಯಾಗಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಕೋ ಯಂತ್ರದಿಂದ ನೋಡಿದಾಗ ಸುಮಾರು ಹತ್ತು ಪಟ್ಟು ಹೆಚ್ಚು ಮಕ್ಕಳಲ್ಲಿ ಕವಾಟದ ದೋಷ ಕಂಡುಬಂದಿತು. ಹರಿಯಾಣದ ಬಲ್ಲಭಗಢದಲ್ಲಿ 6,270 ಶಾಲಾ ಮಕ್ಕಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ಅಂತರ ಇನ್ನೂ ಹೆಚ್ಚು: ಸ್ಟೆತಾಸ್ಕೋಪಿನಿಂದ ಸಾವಿರಕ್ಕೆ 1ಕ್ಕಿಂತ ಕಡಿಮೆ, ಎಕೋದಿಂದ ಸಾವಿರಕ್ಕೆ 20. ಯಾವುದನ್ನು ಕಾಯಿಲೆಯೆಂದು ಕರೆಯಬೇಕು, ಯಾವುದನ್ನು ಬಿಡಬೇಕು ಎಂಬ ಗೊಂದಲ ತಪ್ಪಿಸಲು ವಿಶ್ವ ಹೃದಯ ಒಕ್ಕೂಟವು 2012ರಲ್ಲಿ ಸಮಾನ ಮಾನದಂಡ ರೂಪಿಸಿ 2023ರಲ್ಲಿ ಪರಿಷ್ಕರಿಸಿದೆ.

ಹೀಗೆ ಕಂಡುಬಂದ, ಯಾವ ತೊಂದರೆಯೂ ಇಲ್ಲದೆ ಆಟವಾಡುತ್ತಿರುವ ಮಗುವಿಗೆ ತಿಂಗಳಿಗೊಮ್ಮೆ ಸೂಜಿ ಚುಚ್ಚುವುದು ನ್ಯಾಯವೇ? ವೈದ್ಯರಲ್ಲಿಯೇ ಒಮ್ಮತವಿರಲಿಲ್ಲ. ಉತ್ತರ ಸಿಕ್ಕಿದ್ದು ಉಗಾಂಡದ ಉತ್ತರ ಭಾಗದಲ್ಲಿ. ಸದರಿ ಅಧ್ಯಯನಕ್ಕಾಗಿ ಅಲ್ಲಿ 1 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಎಕೋ ಮೂಲಕ ತಪಾಸಣೆ ಮಾಡಲಾಯಿತು. ಆರಂಭಿಕ ಹಂತದ ದೋಷವಿದ್ದ 818 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ನೀಡಿ, ಉಳಿದವರನ್ನು ಚುಚ್ಚುಮದ್ದಿಲ್ಲದೆ ಗಮನಿಸಲಾಯಿತು. ಎರಡು ವರ್ಷಗಳ ನಂತರ ಚುಚ್ಚುಮದ್ದು ಪಡೆದವರಲ್ಲಿ 3 ಮಕ್ಕಳ ಕಾಯಿಲೆ ಮುಂದುವರೆದಿದ್ದರೆ, ಪಡೆಯದವರಲ್ಲಿ 33 ಮಕ್ಕಳ ಕಾಯಿಲೆ ಮುಂದುವರೆದಿತ್ತು. ಈ ಫಲಿತಾಂಶ 2021ರ ನವೆಂಬರ್‌ನಲ್ಲಿ ಪ್ರಕಟವಾಯಿತು. ಚುಚ್ಚುಮದ್ದಿನ ನೋವಿಗೆ ಮಗು ಅಳುತ್ತದೆಂದು ಒಂದೆರಡು ತಿಂಗಳು ತಪ್ಪಿಸುವ ತಂದೆತಾಯಿಗಳು ಈ 3 ಮತ್ತು 33ರ ಅಂತರವನ್ನು ಗಮನಕ್ಕೆ ತಂದುಕೊಳ್ಳುವುದು ಒಳ್ಳೆಯದು.

ಆಫ್ರಿಕದ 12 ದೇಶಗಳು, ಭಾರತ ಮತ್ತು ಯೆಮೆನ್ ಸೇರಿ 2010ರಿಂದ 2012ರವರೆಗೆ 3,343 ರೋಗಿಗಳನ್ನು ನೋಂದಾಯಿಸಿಕೊಂಡ ಮತ್ತೊಂದು ಜಂಟಿ ಅಧ್ಯಯನ ಅಷ್ಟೇನೂ ಸಮಾಧಾನದ ಸುದ್ದಿ ಕೊಡಲಿಲ್ಲ. ರೋಗಿಗಳ ನಡುವಯಸ್ಸು 28 ವರ್ಷ. ಮೂರರಲ್ಲಿ ಎರಡು ಪಾಲು ಸ್ತ್ರೀಯರು. ಸುಮಾರು ಅರ್ಧದಷ್ಟು ಮಂದಿ ಮಾತ್ರ ಪೆನಿಸಿಲಿನ್ ಪಡೆಯುತ್ತಿದ್ದರು. ಎರಡು ವರ್ಷಗಳೊಳಗೆ ಆರರಲ್ಲಿ ಒಬ್ಬರು ಮೃತಪಟ್ಟಿದ್ದರು. ಈ ಸಾವುಗಳಲ್ಲಿ ಹಲವು ಔಷಧವಿಲ್ಲದ ಕಾಯಿಲೆಯಿಂದ ಆದವಲ್ಲ, ಇರುವ ಔಷಧ ತಲುಪದೆ ಆದವು. ಚೆನ್ನೈನಲ್ಲಿ ಹೃದ್ರೋಗವುಳ್ಳ ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು 2016ರಿಂದ ದಾಖಲಿಸಿಕೊಂಡು ನಡೆಸಿದ ಅಧ್ಯಯನದಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿಯದು ರುಮ್ಯಾಟಿಕ್ ಕಾಯಿಲೆಯೇ ಆಗಿತ್ತು.

ರಕ್ತ ತೆಳುಗೊಳಿಸುವ ಮಾತ್ರೆ: ನಿರೀಕ್ಷೆ ತಲೆಕೆಳಗಾದ ಪ್ರಸಂಗ

ಸಹಯೋಗದ ಸಂಶೋಧನೆ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ. ಮೈಟ್ರಲ್ ಕವಾಟ ಕಿರಿದಾದವರಲ್ಲಿ ಹೃದಯದ ಬಡಿತ ತಾಳ ತಪ್ಪಿದರೆ ಒಳಗೆ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದು. ಇದನ್ನು ತಡೆಯಲು ವಾರ್ಫರಿನ್ ಅಥವಾ ಅಸಿನೋಕೌಮರಾಲ್ ಮಾತ್ರೆ ಕೊಡಲಾಗುತ್ತದೆ. ಈ ಮಾತ್ರೆಗಳ ಪ್ರಮಾಣ ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪು. ಆದುದರಿಂದ ಐ.ಎನ್.ಆರ್. ಎಂಬ ರಕ್ತ ಪರೀಕ್ಷೆಯನ್ನು ನಿಯತವಾಗಿ ಮಾಡಿಸತಕ್ಕದ್ದು. ತಾಲ್ಲೂಕು ಕೇಂದ್ರದಲ್ಲಿ ಪರೀಕ್ಷೆ ಇಲ್ಲದಿದ್ದರೆ ಜಿಲ್ಲಾ ಕೇಂದ್ರಕ್ಕೆ ಬಸ್ಸಿನಲ್ಲಿ ಹೋಗಿ ಬರಬೇಕು. ಒಂದು ದಿನದ ಕೂಲಿಯೂ ಹೋಗುತ್ತದೆ.

ರಿವರೋಕ್ಸಬಾನ್ ಮೊದಲಾದ ಹೊಸ ಮಾತ್ರೆಗಳಿಗೆ ಈ ಪರೀಕ್ಷೆಯ ಗೊಡವೆಯಿಲ್ಲ. ಕವಾಟದ ಕಾಯಿಲೆಯಿಲ್ಲದೆ ಬಡಿತ ಮಾತ್ರ ತಾಳ ತಪ್ಪಿದವರಲ್ಲಿ ಅವು ಚೆನ್ನಾಗಿ ಕೆಲಸ ಮಾಡಿದ್ದವು. ರುಮ್ಯಾಟಿಕ್ ರೋಗಿಗಳಿಗೂ ಅನುಕೂಲವಾದೀತೆಂದು ಎಲ್ಲರೂ ಎದುರುನೋಡಿದ್ದು ಸಹಜ. ಪರೀಕ್ಷಿಸದೆ ಬದಲಾಯಿಸಬಾರದೆಂದು ಆಫ್ರಿಕ, ಏಷ್ಯ ಮತ್ತು ದಕ್ಷಿಣ ಅಮೆರಿಕದ 24 ದೇಶಗಳ ಆಸ್ಪತ್ರೆಗಳು ಸೇರಿ ಇನ್‌ವಿಕ್ಟಸ್ ಎಂಬ ಅಧ್ಯಯನ ನಡೆಸಿದವು. ಇದರ ಮುಂದಾಳುಗಳಲ್ಲಿ ನವದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಡಾ. ಗಣೇಶನ್ ಕಾರ್ತಿಕೇಯನ್ ಒಬ್ಬರು. ನಾಲ್ಕೂವರೆ ಸಾವಿರ ರೋಗಿಗಳನ್ನು ಸರಾಸರಿ ಮೂರು ವರ್ಷ ಗಮನಿಸಿದ ಫಲಿತಾಂಶ 2022ರ ಆಗಸ್ಟ್‌ನಲ್ಲಿ ಹೊರಬಂದಿತು.

ಹೊಸ ಮಾತ್ರೆ ಪಡೆದ 2,275 ಮಂದಿಯಲ್ಲಿ 560 ಮಂದಿಗೆ ಪಾರ್ಶ್ವವಾಯು, ಹೃದಯಾಘಾತ, ದೇಹದ ಬೇರೆಡೆ ಹೆಪ್ಪು ಸಿಲುಕುವುದು ಅಥವಾ ಸಾವು ಇವುಗಳಲ್ಲೊಂದು ಸಂಭವಿಸಿತ್ತು. ಹಳೆಯ ಮಾತ್ರೆ ಪಡೆದ 2,256 ಮಂದಿಯಲ್ಲಿ ಆ ಸಂಖ್ಯೆ 446. ಹಳೆಯ ಮಾತ್ರೆಯವರಲ್ಲಿ ಸಾವು ಕಡಿಮೆ, ರಕ್ತಸ್ರಾವವೂ ಹೆಚ್ಚಿರಲಿಲ್ಲ. ಅಂದರೆ ನೂರಕ್ಕೆ ಸುಮಾರು ಐದರ ವ್ಯತ್ಯಾಸ. ಒಂದೆರಡು ಆಸ್ಪತ್ರೆಗಳು ತಮ್ಮಷ್ಟಕ್ಕೆ ನೂರಿನ್ನೂರು ರೋಗಿಗಳಿಗೆ ಹೊಸ ಮಾತ್ರೆ ಬರೆದು ನೋಡಿದ್ದರೆ ಈ ಐದು ಜನ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಲೋಹದ ಕವಾಟ ಹಾಕಿಸಿಕೊಂಡವರ ವಿಷಯವೂ ಹೀಗೆಯೇ. ಡಾಬಿಗಟ್ರಾನ್ ಎಂಬ ಹೊಸ ಮಾತ್ರೆಯನ್ನು ಅವರಲ್ಲಿ ಪರೀಕ್ಷಿಸಿದ ಅಂತಾರಾಷ್ಟ್ರೀಯ ಅಧ್ಯಯನವನ್ನು, ಹೆಪ್ಪು ಮತ್ತು ರಕ್ತಸ್ರಾವ ಎರಡೂ ಹೆಚ್ಚಾದುದರಿಂದ ನಡುವೆಯೇ ನಿಲ್ಲಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಆದ್ದರಿಂದ ಔಷಧದ ಅಂಗಡಿಯವರ ಅಥವಾ ಪರಿಚಿತರ ಸಲಹೆಯ ಮೇರೆಗೆ ಯಾರೂ ಮಾತ್ರೆ ಬದಲಾಯಿಸಬಾರದು. ಹೊಸ ಮಾತ್ರೆಯನ್ನು ವೈದ್ಯರೇ ಬರೆದಿದ್ದಲ್ಲಿ ತಾವಾಗಿ ನಿಲ್ಲಿಸಲೂ ಕೂಡದು. ಎಲ್ಲರ ಕಾಯಿಲೆ ಒಂದೇ ಬಗೆಯದಲ್ಲ. ಗರ್ಭ ಧರಿಸುವ ಯೋಚನೆಯುಳ್ಳ ಸ್ತ್ರೀಯರು ವಾರ್ಫರಿನ್ ಮುಂದುವರೆಸುವ ಬಗ್ಗೆ ಮುಂಚಿತವಾಗಿಯೇ ಹೃದ್ರೋಗ ತಜ್ಞರನ್ನು ಕಾಣತಕ್ಕದ್ದು, ಏಕೆಂದರೆ ಆ ಮಾತ್ರೆಯಿಂದ ಗರ್ಭದಲ್ಲಿರುವ ಶಿಶುವಿಗೆ ಹಾನಿಯಾಗುವ ಸಂಭವವಿದೆ, ನಿಲ್ಲಿಸಿದರೆ ತಾಯಿಗೆ ಅಪಾಯವಿದೆ.

ಕವಾಟ ದುರಸ್ತಿ ಮತ್ತು ದೇಶೀಯ ಕವಾಟ

ಕಿರಿದಾದ ಮೈಟ್ರಲ್ ಕವಾಟವನ್ನು ಎದೆ ಕೊಯ್ಯದೆ, ತೊಡೆಯ ರಕ್ತನಾಳದ ಮೂಲಕ ಬಲೂನು ಸಾಗಿಸಿ ಹಿಗ್ಗಿಸುವ ವಿಧಾನವನ್ನು ಜಪಾನಿನ ಡಾ. ಕಾಂಜಿ ಇನೋವೆ ಅವರು 1980ರ ದಶಕದ ಆರಂಭದಲ್ಲಿ ರೂಪಿಸಿದರು. ಇಂದು ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯೂ ಸೇರಿದಂತೆ ದೇಶದ ಹಲವು ಆಸ್ಪತ್ರೆಗಳಲ್ಲಿ ಇದು ನಿತ್ಯದ ಚಿಕಿತ್ಸೆ.

ಕವಾಟ ಪೂರ್ಣ ಕೆಟ್ಟಿದ್ದಲ್ಲಿ ಬದಲಾಯಿಸಬೇಕಾಗುತ್ತದೆ. ಒಂದು ಕಾಲಕ್ಕೆ ಕೃತಕ ಕವಾಟಗಳೆಲ್ಲವೂ ಹೊರದೇಶದಿಂದಲೇ ಬರಬೇಕಿತ್ತು. ಬೆಲೆ ಸಾಮಾನ್ಯರ ಕೈಗೆ ಎಟುಕುತ್ತಿರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ವೈದ್ಯರೂ ಎಂಜಿನಿಯರುಗಳೂ ಒಂದೇ ಸೂರಿನಡಿ ಕುಳಿತು ದೇಶೀಯ ಕವಾಟವೊಂದನ್ನು ಸಿದ್ಧಪಡಿಸಿದರು. ಮೊದಲ ಮಾದರಿಗಳು ಪರೀಕ್ಷೆಯಲ್ಲಿ ಸೋತವು. ಕೊನೆಗೆ ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟಿನೊಳಗೆ ಗಟ್ಟಿ ಪಾಲಿಎಥಿಲೀನ್ ಬಿಲ್ಲೆಯೊಂದು ವಾಲುತ್ತಾ ತೆರೆದು ಮುಚ್ಚುವ ಮಾದರಿ ಗೆದ್ದಿತು. 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಇದನ್ನು ಅಳವಡಿಸಲಾಯಿತು. ಆದರೂ ಕೂಡಲೇ ಮಾರಾಟಕ್ಕೆ ಬಿಡಲಿಲ್ಲ. ದೇಶದ ಆರು ಕೇಂದ್ರಗಳಲ್ಲಿ 306 ರೋಗಿಗಳಿಗೆ ಅಳವಡಿಸಿ, ಅವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಲಾಯಿತು. ಟಿ.ಟಿ.ಕೆ. ಚಿತ್ರಾ ಕವಾಟವೆಂಬ ಹೆಸರಿನ ಇದನ್ನು ಇದುವರೆಗೆ 1 ಲಕ್ಷಕ್ಕೂ ಹೆಚ್ಚು ಜನರಿಗೆ ಅಳವಡಿಸಲಾಗಿದೆ. ಅಂದು ಸಮ್ಮತಿ ಪತ್ರಕ್ಕೆ ಸಹಿ ಹಾಕಿದ 306 ಮಂದಿಯ ಹೆಸರು ಯಾವ ಫಲಕದ ಮೇಲೂ ಇಲ್ಲ.

ಲೋಹದ ಕವಾಟ ಬಾಳಿಕೆ ಬರುತ್ತದೆ, ಆದರೆ ಜೀವನಪೂರ್ತಿ ರಕ್ತ ತೆಳುಗೊಳಿಸುವ ಮಾತ್ರೆ ಬೇಕು. ಪ್ರಾಣಿಗಳ ಅಂಗಾಂಶದಿಂದ ಮಾಡಿದ ಕವಾಟಕ್ಕೆ ಸಾಮಾನ್ಯವಾಗಿ ಆ ಮಾತ್ರೆ ದೀರ್ಘಕಾಲ ಬೇಕಿಲ್ಲ, ಆದರೆ ಎಳೆಯರಲ್ಲಿ ಅದು ಬೇಗ ಸವೆಯುತ್ತದೆ. ಎಳೆಯರಿಗೂ ಬಾಳಿಕೆ ಬರುವ, ಮಾತ್ರೆಯ ಹಂಗಿಲ್ಲದ ಕವಾಟ ಇನ್ನೂ ಬರಬೇಕಾಗಿದೆ. ಸ್ಟ್ರೆಪ್ಟೊಕಾಕಸ್ ವಿರುದ್ಧ ಲಸಿಕೆಯ ಪ್ರಯತ್ನಗಳೂ ಹಲವು ದೇಶಗಳ ಸಹಯೋಗದಲ್ಲಿ ನಡೆದಿವೆ. ಬಳಕೆಗೆ ಅನುಮತಿ ಪಡೆದ ಲಸಿಕೆ ಸದ್ಯಕ್ಕೆ ಯಾವುದೂ ಇಲ್ಲ.

ಭಾಗವಹಿಸುವವರ ಹಕ್ಕುಗಳು

ಸಂಶೋಧನೆಯಲ್ಲಿ ಭಾಗವಹಿಸುವುದು ಸಂಪೂರ್ಣವಾಗಿ ರೋಗಿಯ ಇಚ್ಛೆಗೆ ಬಿಟ್ಟದ್ದು. ಸರ್ಕಾರದ ಯೋಜನೆಯಡಿ ದೊರೆಯುವ ಚಿಕಿತ್ಸೆಗೂ ಸಂಶೋಧನೆಯ ಸಮ್ಮತಿಗೂ ಸಂಬಂಧವಿಲ್ಲ. ಇವೆರಡೂ ಬೇರೆ ಬೇರೆ ಕಡತಗಳೆಂದು ತಿಳಿಯತಕ್ಕದ್ದು. ಸಮ್ಮತಿ ನೀಡಲು ನಿರಾಕರಿಸಿದ ಅಥವಾ ನೀಡಿದ ನಂತರ ಹಿಂತೆಗೆದುಕೊಂಡ ಕಾರಣಕ್ಕೆ ಚಿಕಿತ್ಸೆ ನಿಲ್ಲಿಸುವಂತಿಲ್ಲ, ತಡ ಮಾಡುವಂತೆಯೂ ಇಲ್ಲ. ಹಿಂತೆಗೆದುಕೊಳ್ಳಲು ಕಾರಣ ಕೊಡಬೇಕಾಗಿಲ್ಲ.

ಪ್ರತಿಯೊಂದು ಅಧ್ಯಯನಕ್ಕೂ ನೈತಿಕ ಸಮಿತಿಯ ಒಪ್ಪಿಗೆ ಕಡ್ಡಾಯ. ವೈದ್ಯರಲ್ಲದೆ, ಕಾನೂನು ಬಲ್ಲವರು ಮತ್ತು ವೈದ್ಯಕೀಯಕ್ಕೆ ಸೇರದ ಸಾಮಾನ್ಯ ನಾಗರಿಕರೊಬ್ಬರೂ ಈ ಸಮಿತಿಯಲ್ಲಿರುತ್ತಾರೆ. ಔಷಧ ಪ್ರಯೋಗಗಳನ್ನು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿಯಲ್ಲಿ ದಾಖಲಿಸುವುದು 2009ರ ಜೂನ್ ತಿಂಗಳಿಂದ ಕಡ್ಡಾಯವಾಗಿದೆ. ಆ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಲು ಯಾರೂ ಹಿಂಜರಿಯಬೇಕಾಗಿಲ್ಲ.

ಮಾಹಿತಿ ಪತ್ರವು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಇರತಕ್ಕದ್ದು. ಕನ್ನಡ ಬಲ್ಲವರು ಕನ್ನಡದ ಪ್ರತಿಯನ್ನೇ ಕೇಳಬಹುದು. ಓದಲು ಬಾರದವರಿಗೆ ನಿಷ್ಪಕ್ಷಪಾತ ಸಾಕ್ಷಿಯೊಬ್ಬರ ಸಮಕ್ಷಮದಲ್ಲಿ ಪೂರ್ತಿ ಓದಿ ಹೇಳಿ, ಹೆಬ್ಬೆಟ್ಟಿನ ಗುರುತು ಪಡೆಯತಕ್ಕದ್ದು. ಸಾಕ್ಷಿಯೂ ಸಹಿ ಮಾಡತಕ್ಕದ್ದು. 18 ವರ್ಷದೊಳಗಿನವರ ಪರವಾಗಿ ತಂದೆತಾಯಿ ಅಥವಾ ಕಾನೂನುಬದ್ಧ ಪೋಷಕರು ಸಮ್ಮತಿ ನೀಡಬೇಕು, ಜೊತೆಗೆ 7 ವರ್ಷ ಮೀರಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು. ಸಮ್ಮತಿ ಪತ್ರದ ಒಂದು ಪ್ರತಿ ರೋಗಿಯ ಕೈಗೆ ಸಿಗಲೇಬೇಕು. ಮನೆಯವರೊಡನೆ ಚರ್ಚಿಸಿ ತಿಳಿಸುವುದಾಗಿ ಹೇಳಿ ಕಾಲಾವಕಾಶ ಕೇಳುವುದು ರೋಗಿಯ ಹಕ್ಕು.

ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳು, 2019ರ ಪ್ರಕಾರ, ಪ್ರಯೋಗದ ಅವಧಿಯಲ್ಲಿ ರೋಗಿಗೆ ಹಾನಿಯಾದಲ್ಲಿ ಉಚಿತ ಚಿಕಿತ್ಸೆ ಒದಗಿಸತಕ್ಕದ್ದು. ಹಾನಿಯು ಪ್ರಯೋಗದಿಂದಲೇ ಆದದ್ದೆಂದು ಕಂಡುಬಂದಲ್ಲಿ ಪರಿಹಾರ ಧನವನ್ನೂ ಪ್ರಾಯೋಜಕರು ನೀಡತಕ್ಕದ್ದು. ಗಂಭೀರ ಪ್ರಸಂಗವನ್ನು ಸಂಶೋಧಕ ವೈದ್ಯರು 24 ಗಂಟೆಗಳೊಳಗೆ ವರದಿ ಮಾಡಬೇಕಾಗಿರುತ್ತದೆ. ನೋಂದಣಿ ಮಾತ್ರದ ಅಧ್ಯಯನಗಳಲ್ಲಿ ಹೊಸ ಔಷಧವೇನೂ ಇರುವುದಿಲ್ಲ. ಎಂದಿನ ಚಿಕಿತ್ಸೆಯ ವಿವರಗಳನ್ನು ದಾಖಲಿಸಿಕೊಳ್ಳಲಾಗುತ್ತದೆ. ಪತ್ರ ಯಾವ ಬಗೆಯ ಅಧ್ಯಯನದ್ದೆಂದು ಮೊದಲು ವಿಚಾರಿಸುವುದು ಸೂಕ್ತ.

ರೋಗಿಗಳು ಇಟ್ಟುಕೊಳ್ಳಬೇಕಾದ ದಾಖಲೆಗಳು

ಇಂತಹ ಅಧ್ಯಯನಗಳಿಗೆ ದೊಡ್ಡ ಪೆಟ್ಟು ಬೀಳುವುದು ರೋಗಿಗಳು ಸಂಪರ್ಕಕ್ಕೆ ಸಿಗದೆ ಹೋದಾಗ. ಮೊಬೈಲ್ ಸಂಖ್ಯೆ ಅಥವಾ ವಿಳಾಸ ಬದಲಾದಲ್ಲಿ ಆಸ್ಪತ್ರೆಗೆ ತಿಳಿಸಬೇಕು. ಹೆಣ್ಣುಮಗಳ ಮದುವೆಯಾಗಿ ಊರು ಬದಲಾಗುವುದಿದ್ದರೆ, ಅಲ್ಲಿನ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಚುಚ್ಚುಮದ್ದು ಮುಂದುವರೆಸಲು ವೈದ್ಯರಿಂದ ಪತ್ರ ಪಡೆದು ಕಳುಹಿಸಬೇಕು. ಕಾಯಿಲೆಯ ವಿಷಯ ಗಂಡನ ಮನೆಯವರಿಗೆ ತಿಳಿಯಬಾರದೆಂದು ಚೀಟಿಯನ್ನು ತವರಿನಲ್ಲಿಯೇ ಬಿಟ್ಟುಹೋಗುವ ರೂಢಿ ಕೆಲವೆಡೆ ಇದೆ. ಅದರ ಬೆಲೆ ಮೊದಲ ಬಸಿರಿನಲ್ಲಿ ತೆರಬೇಕಾಗಬಹುದು.

ಆಸ್ಪತ್ರೆಗೆ ಬರುವಾಗ ಪೆನಿಸಿಲಿನ್ ಚುಚ್ಚುಮದ್ದಿನ ಕಾರ್ಡು, ಎಕೋ ವರದಿ, ಐ.ಎನ್.ಆರ್. ಪುಸ್ತಕ, ಬಿಡುಗಡೆ ಚೀಟಿ, ಕೃತಕ ಕವಾಟವಿದ್ದಲ್ಲಿ ಅದರ ಗಾತ್ರ ಮತ್ತು ಸಂಖ್ಯೆ ನಮೂದಿಸಿದ ಕಾರ್ಡು ಇವುಗಳ ಮೂಲಪ್ರತಿಗಳನ್ನು ತರತಕ್ಕದ್ದು. ಮೂಲಪ್ರತಿಯನ್ನು ಯಾರಲ್ಲಿಯೂ ಬಿಡದೆ ನೆರಳಚ್ಚು ಪ್ರತಿ ಮಾತ್ರ ಕೊಡುವುದು. ಕೃತಕ ಕವಾಟವುಳ್ಳವರು ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ಆ ಕಾರ್ಡನ್ನು ತೋರಿಸಬೇಕು. ಶಾಲಾ ಮಕ್ಕಳ ಹೃದಯ ತಪಾಸಣೆಯನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆ ಮತ್ತು ಅಂಗನವಾಡಿಗಳಲ್ಲಿ ನಡೆಸುತ್ತವೆ. ತಂಡವು ಮುಂದಿನ ಪರೀಕ್ಷೆಗೆ ಚೀಟಿ ಬರೆದುಕೊಟ್ಟಲ್ಲಿ, ಮಗು ಆರೋಗ್ಯವಾಗಿ ಕಂಡರೂ ಆ ಚೀಟಿಯೊಂದಿಗೆ ಮಗುವನ್ನು ನಿಗದಿತ ದಿನದಂದು ಸೂಚಿಸಿದ ಆಸ್ಪತ್ರೆಗೆ ಕರೆದೊಯ್ಯುವುದು.